ಮಳೆಗೆ ಮೊದಲು ಮಣ್ಣಿನ ಕೆಲಸ

ಜೂನ್ ಒಂದಕ್ಕೆ ಬೋಟುಗಳು ದಡ ಸೇರುತ್ತವೆ. ಜುಲೈ 31ರವರೆಗೆ, ಅಂದರೆ 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನಿಲ್ಲದಿದ್ದರೆ ಗಂಟಲಲ್ಲಿ ಅನ್ನವೇ ಇಳಿಯದ ನಮ್ಮ ಬ್ಯಾರಿ ಮನೆಗಳಲ್ಲಿ ಆ ಎರಡು ತಿಂಗಳು ಒಣಮೀನು, ಮೊಟ್ಟೆ, ಮತ್ತೆ ತರಕಾರಿ. ತರಕಾರಿ ಎಲ್ಲಿಂದ? ಘಟ್ಟದಿಂದ. ಹಾಸನ, ಚಿಕ್ಕಮಗಳೂರು ಕಡೆಯ ಲಾರಿ ಇಳಿದು ಬಂದರೆ ನಮ್ಮ ಪೇಟೆಯಲ್ಲಿ ಬೆಂಡೆಕಾಯಿ, ಇಲ್ಲದಿದ್ದರೆ ಇಲ್ಲ. 2018ರ ಮಳೆಗಾಲದಲ್ಲಿ ಶಿರಾಡಿಯಲ್ಲಿ, ಮರುವರ್ಷ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದಾಗ ಇದು ಎಲ್ಲರಿಗೂ ಗೊತ್ತಾಗಿತ್ತು. ಮಳೆ ನಿಂತ ಮೇಲೆ ಎಲ್ಲರೂ ಮರೆತೂ ಬಿಟ್ಟರು.

ವಿಚಿತ್ರ ಎಂದರೆ ಇದೇ ಮಳೆಗಾಲ ನಮ್ಮ ಊರ ತರಕಾರಿಯ ಕಾಲ. ಹೀರೆ, ಮುಳ್ಳುಸೌತೆ, ಅಲಸಂಡೆ, ಬೆಂಡೆ, ಹಾಗಲ, ಪಡುವಲ, ತೊಂಡೆ, ಕೆಸು, ಎಲ್ಲ ಈ ಮಳೆಯಲ್ಲೇ ಬೆಳೆಯುವಂಥದ್ದು. ನೀರು ಹಾಕುವ ಕೆಲಸವೂ ಇಲ್ಲ. ಆದರೆ ಮಳೆ ಬಂದ ಮೇಲೆ ಹಾರೆ ಹಿಡಿದರೆ ಆಗುವುದಿಲ್ಲ. ಎಲ್ಲ ತಯಾರಿ ಮೇ ತಿಂಗಳಲ್ಲೇ ಮುಗಿದಿರಬೇಕು. ತುಳುವರಿಗೆ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ. ಅಂದಿಗೆ ಕೋಲ, ಆಟ ಎಲ್ಲ ನಿಂತು ಬೇಸಾಯದ ಕೆಲಸ ಶುರು. ನಮ್ಮ ಹಿರಿಯರೂ ಅದೇ ಲೆಕ್ಕದಲ್ಲಿ ಬೀಜ ಹಾಕುತ್ತಿದ್ದವರು.

ನೇತ್ರಾವತಿ ಬದಿಯ ನಮ್ಮ ಜಮಾಅತ್ತಿನಲ್ಲಿ ಈ ವರ್ಷ ಒಂದು ಕೆಲಸ ಶುರುವಾಗಿದೆ. ಮದ್ರಸದ ಹಿಂದೆ 22 ಸೆಂಟ್ಸ್ ಜಾಗ ಉಂಟು. ವರ್ಷಗಟ್ಟಲೆ ಲಂಟಾನ, ಕಮ್ಯುನಿಸ್ಟ್ ಗಿಡ, ಒಡೆದ ಟೈಲ್ಸು ತುಂಬಿ ಬಿದ್ದಿತ್ತು. ಅಲ್ಲಿ ಎಲ್ಲರಿಗೂ ಸೇರಿದ ತರಕಾರಿ ತೋಟ ಮಾಡುವುದು, ಬೆಳೆದದ್ದರಲ್ಲಿ ಮೊದಲ ಪಾಲು ದುಡಿಯುವವರಿಲ್ಲದ ಎಂಟು ಮನೆಗಳಿಗೆ ಕೊಡುವುದು, ಉಳಿದದ್ದನ್ನು ಶುಕ್ರವಾರ ಜುಮಾ ಕಳೆದ ಮೇಲೆ ಮಾರುವುದು, ಇದು ಯೋಚನೆ. ಹೇಳುವುದಕ್ಕೆ ಸುಲಭ. ಅನುಮತಿ ಸಿಕ್ಕಿದ್ದು ಎರಡು ಮಹಾಸಭೆಯ ಚರ್ಚೆಯ ನಂತರ.

ಯಾಕೆಂದರೆ ಅದು ವಕ್ಫ್ ಜಾಗ. ವಕ್ಫ್ ಮಾಡಿದವರು ಯಾವ ಉದ್ದೇಶ ಹೇಳಿದ್ದಾರೋ ಆದಾಯ ಅದಕ್ಕೇ ಹೋಗಬೇಕು. ಮದ್ರಸಕ್ಕೆಂದು ಕೊಟ್ಟ ಜಾಗದಲ್ಲಿ ಬೆಳೆದದ್ದನ್ನು ಬೇರೆ ಮನೆಗಳಿಗೆ ಹಂಚುವುದು ಹೇಗೆ ಎಂದು ಒಬ್ಬರು ಹಿರಿಯರು ಎದ್ದು ಕೇಳಿದರು. ಸರಿಯಾದ ಪ್ರಶ್ನೆ. ಕೆಲವರಿಗೆ ಸಿಟ್ಟು ಬಂತು, ಆದರೆ ಇಂಥ ಪ್ರಶ್ನೆ ಕೇಳುವವರು ಇರುವುದರಿಂದಲೇ ನಮ್ಮ ವಕ್ಫ್ ಆಸ್ತಿ ಅಷ್ಟಾದರೂ ಉಳಿದದ್ದು ಎಂದು ನನ್ನ ಅಭಿಪ್ರಾಯ. ಕೊನೆಗೆ ತೀರ್ಮಾನ ಆದದ್ದು ಹೀಗೆ: ತೋಟ ಮಾಡುವ ತಂಡ ಆ ಜಾಗಕ್ಕೆ ಊರಿನ ದರದಲ್ಲಿ ಬಾಡಿಗೆ ಕೊಡಬೇಕು, ಅದು ಮದ್ರಸದ ಲೆಕ್ಕಕ್ಕೆ. ಬೆಳೆ ತಂಡದ್ದು. ಅವರು ಯಾರಿಗೆ ಬೇಕಾದರೂ ಕೊಡಬಹುದು. ಇನ್ನೊಂದು ಶರ್ತ, ಅನುಮತಿ ಈ ಒಂದು ಮಳೆಗಾಲಕ್ಕೆ ಮಾತ್ರ. ಆ ಜಾಗದಲ್ಲಿ ಅಂಗಡಿ ಕೋಣೆ ಕಟ್ಟಿಸಿದರೆ ಮದ್ರಸಕ್ಕೆ ತಿಂಗಳು ತಿಂಗಳು ಬಾಡಿಗೆ ಬರುತ್ತದೆ ಎನ್ನುವವರೂ ಕಮಿಟಿಯಲ್ಲಿ ಇದ್ದಾರೆ. ಅವರ ಮಾತಿನಲ್ಲೂ ಹುರುಳು ಉಂಟು. ಸೆಪ್ಟೆಂಬರಿಗೆ ಲೆಕ್ಕ ನೋಡುತ್ತಾರೆ. ತೋಟ ಹಾಳು ಬಿದ್ದರೆ ಮುಂದಿನ ವರ್ಷ ಅಲ್ಲಿ ಜೆಸಿಬಿ.

ಬ್ಯಾರಿಗಳಿಗೂ ಬೇಸಾಯಕ್ಕೂ ಏನು ಸಂಬಂಧ ಎಂದು ಕೇಳುವವರು ಇದ್ದಾರೆ. ‘ಬ್ಯಾರ’ ಎಂದರೆ ವ್ಯಾಪಾರ, ಅದರಿಂದಲೇ ಬ್ಯಾರಿ ಎಂಬ ಹೆಸರು ಬಂತು ಎಂದು ಶಾಲೆ ಮಕ್ಕಳೂ ಹೇಳುತ್ತಾರೆ. ಅದು ಕಡಲ ಬದಿಯ, ಪೇಟೆಯ ಕಥೆ. ಒಳನಾಡಿನಲ್ಲಿ ನಮ್ಮವರಲ್ಲಿ ಎಷ್ಟೋ ಮಂದಿ ಗೇಣಿ ಒಕ್ಕಲುಗಳು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ದೇವರಾಜ ಅರಸರ ಕಾಲದಲ್ಲಿ ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದ ಬ್ಯಾರಿ ಕುಟುಂಬಗಳು ನಮ್ಮ ಸುತ್ತಮುತ್ತ ಬೇಕಾದಷ್ಟು. ಆಮೇಲೆ ಗದ್ದೆ ಅಡಿಕೆ ತೋಟವಾಯಿತು, ಮಕ್ಕಳು ಗಲ್ಫಿಗೆ ಹೋದರು, ಗಲ್ಫಿನ ಹಣದಲ್ಲಿ ಮನೆ ಕಟ್ಟುವಾಗ ಹಿತ್ತಲಿಗೆ ಇಂಟರ್‌ಲಾಕ್ ಹಾಕಿದರು. ಬಸಳೆ ಚಪ್ಪರ ಇದ್ದಲ್ಲಿ ಈಗ ಕಾರು ನಿಲ್ಲುತ್ತದೆ. ನೆನಪು ಮಾತ್ರ ಅರುವತ್ತು ದಾಟಿದವರ ಕೈಯಲ್ಲಿ ಇನ್ನೂ ಉಂಟು.

ಆ ನೆನಪಿನಿಂದಲೇ ಕೆಲಸ ನಡೆಯುತ್ತಿರುವುದು. ಬರುವವರು ಸುಮಾರು ಇಪ್ಪತ್ತೈದು ಮಂದಿ. ಬೆಳಿಗ್ಗೆ ಮದ್ರಸ ಬಿಟ್ಟ ಮೇಲೆ ದೊಡ್ಡ ತರಗತಿಯ ಮಕ್ಕಳು, ಶಾಲೆಗೆ ಬೇಸಿಗೆ ರಜೆ ತಾನೆ. ರಜೆಯಲ್ಲಿ ಬಂದ ಇಬ್ಬರು ಗಲ್ಫಿನವರು, ಆಟೋ ಓಡಿಸುವವರು, ಪೈಂಟಿಂಗ್ ಕೆಲಸದವರು. ಮೊದಲ ಭಾನುವಾರ ನಲುವತ್ತು ಜನ ಬಂದಿದ್ದರು, ಅದರಲ್ಲಿ ಹತ್ತು ಜನ ಫೋಟೋ ತೆಗೆದು ಸ್ಟೇಟಸ್ ಹಾಕಿ ಹೋದರು. ಅದೂ ಬೇಕು, ಇರಲಿ.

ಪೊದೆ ಕಡಿದು, ಬೇರು ಕಿತ್ತು, ಟೈಲ್ಸಿನ ಚೂರು ಹೆಕ್ಕುವುದಕ್ಕೇ ಮೂರು ಭಾನುವಾರ ಹೋಯಿತು. ಕಡಿದ ಸೊಪ್ಪು ಕಸವನ್ನು ಹುಡುಗರು ಒಂದೇ ಸಲಕ್ಕೆ ಬೆಂಕಿ ಕೊಡಲು ಹೊರಟಾಗ ಒಬ್ಬರು ಕಾಕ ತಡೆದರು. ಕಳೆದ ಐವತ್ತು ವರ್ಷದಲ್ಲಿ ಸುಡುಮಣ್ಣು ಮಾಡದ ವರ್ಷ ಇಲ್ಲ ಎನ್ನುವವರು ಅವರು. ಒಣಗಿದ ಗಿಡ, ತರಗೆಲೆ, ತೆಂಗಿನ ಸಿಪ್ಪೆ ಒಂದು ಪದರ, ಮೇಲೆ ಮಣ್ಣು, ಪುನಃ ತರಗೆಲೆ, ಪುನಃ ಮಣ್ಣು. ಹೀಗೆ ಗುಡ್ಡೆ ಮಾಡಿ ಗಾಳಿ ಬರುವ ಬದಿಗೆ ಬಾಯಿ ಬಿಟ್ಟು ಕೆಂಡ ಇಡಬೇಕು. ಉರಿ ಏಳಬಾರದು, ಹೊಗೆ ಮಾತ್ರ. ಮೂರು ನಾಲ್ಕು ದಿನ ಒಳಗೊಳಗೇ ಸುಟ್ಟು ಮಣ್ಣು ಕೆಂಪಗೆ ಹುಡಿಯಾಗುತ್ತದೆ. ಕಳೆ ಬೀಜ ಸಾಯುತ್ತದೆ, ಬೂದಿಯ ಸಾರ ಮಣ್ಣಿಗೆ ಸೇರುತ್ತದೆ. ಸುಟ್ಟರೆ ಮಣ್ಣಿನ ಸಾವಯವ ಅಂಶ ಹೋಗುತ್ತದೆ ಎಂದು ಈಗಿನ ಕೃಷಿ ಓದಿದವರು ಆಕ್ಷೇಪಿಸುತ್ತಾರೆ, ಅದೂ ಸುಳ್ಳಲ್ಲ. ಹಾಗಾಗಿ ಎಲ್ಲ ಸುಡಲಿಲ್ಲ. ಹಸಿ ಸೊಪ್ಪನ್ನೆಲ್ಲ ಮೂಲೆಯ ಹೊಂಡಕ್ಕೆ ತುಂಬಿ ಕೊಳೆಯಲು ಬಿಟ್ಟಿದ್ದಾರೆ.

ಸುಣ್ಣದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಮನೆಯಲ್ಲಿ ತರಕಾರಿ ಮಾಡುವವರು ಹೆಚ್ಚಿನವರು ಬಿಡುವುದೇ ಇದನ್ನು. ನಮ್ಮ ಮುರಕಲ್ಲಿನ ಮಣ್ಣು ಹುಳಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿದು ಮಣ್ಣಿನ ಸಾರವನ್ನೆಲ್ಲ ತೊಳೆದು ಹೊಳೆಗೆ ಒಯ್ಯುತ್ತದೆ. ಹುಳಿ ಮಣ್ಣಿಗೆ ಎಷ್ಟು ಗೊಬ್ಬರ ಸುರಿದರೂ ಗಿಡಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಹಿಂದಿನವರು ಮರುವಾಯಿ ಚಿಪ್ಪು ಸುಟ್ಟ ಸುಣ್ಣ ಹಾಕುತ್ತಿದ್ದರು, ಈಗ ಮೂಟೆಯಲ್ಲಿ ಕೃಷಿ ಸುಣ್ಣ ಸಿಗುತ್ತದೆ. ಸೆಂಟಿಗೆ ಎರಡು ಕಿಲೋ ಲೆಕ್ಕ ಹಾಕಿದರೆ 22 ಸೆಂಟ್ಸಿಗೆ 44 ಕಿಲೋ, ಒಂದು ಮೂಟೆಯಲ್ಲಿ ಮುಗಿಯಿತು. ಏಪ್ರಿಲ್ ಕೊನೆಗೆ ಒಂದು ಮಳೆ ಬಿದ್ದ ಮರುದಿನ, ಮಣ್ಣು ಹಸಿ ಇರುವಾಗ ಹರಡಿ ಕೊಚ್ಚಿದರು. ಸುಣ್ಣವನ್ನೂ ಗೊಬ್ಬರವನ್ನೂ ಒಟ್ಟಿಗೆ ಹಾಕಬಾರದು, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಎರಡು ವಾರ ಬಿಟ್ಟು ಹಟ್ಟಿಗೊಬ್ಬರ ಹಾಕಿದ್ದು. ‘ಎರಡೂ ಒಂದೇ ದಿನ ಮುಗಿಸುವಾ ಉಸ್ತಾದ್’ ಎಂದು ಅವಸರ ಮಾಡಿದ ಹುಡುಗರಿಗೆ ಕಾಕನವರ ಉತ್ತರ: ‘ಮಣ್ಣಿಗೆ ಅರ್ಜೆಂಟು ಇಲ್ಲ ಮಾರಾಯ, ನಿನಗೆ ಉಂಟು.’

ಹಟ್ಟಿಗೊಬ್ಬರ ಬಂದ ದಿನ ಬೇರೊಂದು ಪ್ರಶ್ನೆ ಬಂತು. ಶಾಫಿಈ ಮದ್‌ಹಬಿನಲ್ಲಿ ಸೆಗಣಿ ನಜೀಸ್ ಎಂದು ನಾವೇ ಪಾಠ ಮಾಡುತ್ತೇವೆ. ಹಾಗಾದರೆ ಈ ಗೊಬ್ಬರದಲ್ಲಿ ಬೆಳೆದ ಹರಿವೆ ತಿನ್ನಬಹುದೋ ಎಂದು ಏಳನೇ ತರಗತಿಯ ಒಬ್ಬ ಹುಡುಗ ಕೇಳಿದ. ತಿನ್ನಬಹುದು. ಗಿಡ ಶುದ್ಧವೇ, ಹೊರಗೆ ತಾಗಿದ್ದನ್ನು ತೊಳೆದರೆ ಆಯಿತು. ಕೈ ಕಾಲು ತೊಳೆದು, ಬಟ್ಟೆ ಬದಲಾಯಿಸಿ ನಮಾಝಿಗೆ ಬಂದರಾಯಿತು. ಈಗ ಅಲ್ಲಿ ನಳ್ಳಿಯ ಹತ್ತಿರ ಒಂದು ಹಗ್ಗ ಕಟ್ಟಿ ಲುಂಗಿಗಳನ್ನು ನೇತು ಹಾಕಿದ್ದಾರೆ. ಕಿತಾಬಿನಲ್ಲಿ ನಜೀಸಿನ ಅಧ್ಯಾಯ ಓದಿಸುವಾಗ ನಿದ್ದೆ ಮಾಡುವ ಮಕ್ಕಳು ಇಲ್ಲಿ ಒಂದಕ್ಕೊಂದು ಮಸಲ ಕೇಳುತ್ತಾರೆ. ತರಕಾರಿಗೆ ಝಕಾತ್ ಉಂಟಾ ಎಂಬುದು ಮರುದಿನದ ಪ್ರಶ್ನೆ. ನಮ್ಮ ಮದ್‌ಹಬಿನಲ್ಲಿ ಅಕ್ಕಿಯ ಹಾಗೆ ದಾಸ್ತಾನು ಇಡುವ ಆಹಾರ ಧಾನ್ಯಕ್ಕೆ ಉಂಟು, ಬೆಂಡೆಗೆ ಇಲ್ಲ. ಹಾಗಾಗಿ ಎಂಟು ಮನೆಗೆ ಹೋಗುವುದೆಲ್ಲ ಸದಕ.

ಮೇ ತಿಂಗಳ ನೀರು ಇನ್ನೊಂದು ತಲೆಬಿಸಿ ಆಗಿತ್ತು. ಬಾವಿಯಲ್ಲಿ ಕೊಡಪಾನ ತಳ ಮುಟ್ಟುವ ಸಮಯ. ಮಸೀದಿಯಲ್ಲಿ ಐದು ಹೊತ್ತು ವುಝೂ ಮಾಡಿದ ನೀರು ಚರಂಡಿಗೆ ಹೋಗುತ್ತಿತ್ತು. ಸೌದಿಯಲ್ಲಿ ಪ್ಲಂಬಿಂಗ್ ಕೆಲಸ ಮಾಡುತ್ತಿದ್ದವರೊಬ್ಬರು ಅದಕ್ಕೆ ಪೈಪು ಕೊಟ್ಟು, ಜಲ್ಲಿ ಮತ್ತು ಮರಳು ತುಂಬಿದ ಡ್ರಮ್ಮಿನ ಮೂಲಕ ತೋಟದ ಟ್ಯಾಂಕಿಗೆ ತಂದರು. ಒಮ್ಮೆ ವುಝೂವಿಗೆ ಬಳಸಿದ ನೀರಿನಲ್ಲಿ ಪುನಃ ವುಝೂ ಆಗದು, ಗಿಡಕ್ಕೆ ಧಾರಾಳ ಆಗುತ್ತದೆ. ಸಾಬೂನು ಬಳಸುವ ನಳ್ಳಿಯ ನೀರನ್ನು ಮಾತ್ರ ಬೇರೆ ಮಾಡಿದ್ದಾರೆ. ತೊಂಡೆ ಬಳ್ಳಿ, ಬಸಳೆ ಕಡ್ಡಿ ಬೇರು ಬಿಟ್ಟದ್ದು ಈ ನೀರಿನಲ್ಲೇ.

ಅತಿ ಮುಖ್ಯ ಕೆಲಸ ಏರಿಯದ್ದು. ಕಳೆದ ವರ್ಷ ಪಕ್ಕದ ಒಂದು ಜಮಾಅತ್ತಿನ ಯುವಕರು ಇಂಥದ್ದೇ ತೋಟ ಮಾಡಿದ್ದರು. ನೆಲವನ್ನು ಯಂತ್ರದಲ್ಲಿ ಕ್ರಿಕೆಟ್ ಮೈದಾನದ ಹಾಗೆ ಸಪಾಟು ಮಾಡಿ ಬೀಜ ಹಾಕಿದರು. ನೋಡಲು ಚಂದ. ಜೂನ್ ಎರಡನೇ ವಾರ ನಾಲ್ಕು ದಿನ ಬಿಡದೆ ಮಳೆ ಹೊಡೆದಾಗ ನೀರು ಹೋಗಲು ದಾರಿ ಇಲ್ಲದೆ ಎಲ್ಲ ಬುಡ ಕೊಳೆತು ಹೋಯಿತು. ಗಿಡ ಸತ್ತದ್ದಕ್ಕಿಂತ ದೊಡ್ಡ ನಷ್ಟ ಎಂದರೆ ಆ ಹುಡುಗರು ಪುನಃ ಅತ್ತ ತಲೆ ಹಾಕಲಿಲ್ಲ. ಅದಕ್ಕೇ ಇಲ್ಲಿ ಮೂರು ಅಡಿ ಅಗಲ, ಒಂದು ಅಡಿ ಎತ್ತರದ ಹದಿನಾಲ್ಕು ಏರಿ ಎಬ್ಬಿಸಿದ್ದಾರೆ, ನಡುವೆ ಕಣಿ, ಎಲ್ಲ ಕಣಿಗಳೂ ಇಳಿಜಾರಿನ ದೊಡ್ಡ ಕಣಿಗೆ. ಏರಿಯ ಬದಿ ಜರಿಯದ ಹಾಗೆ ತೆಂಗಿನ ಸಿಪ್ಪೆ ಜೋಡಿಸಿದ್ದಾರೆ. ನೀರು ಹೇಗೆ ಹೋಗುತ್ತದೆ ನೋಡಲು ಮೊನ್ನೆ ಟ್ಯಾಂಕಿನ ನೀರನ್ನು ಒಮ್ಮೆಗೇ ಬಿಟ್ಟರು. ಎರಡು ಕಡೆ ನಿಂತಿತು, ಅಗೆದು ಸರಿ ಮಾಡಿದರು.

ಬೀಜದ ಜವಾಬ್ದಾರಿ ಹೆಂಗಸರದ್ದು. ಇದು ಯಾರೂ ಹಂಚಿದ ಕೆಲಸ ಅಲ್ಲ, ಬೀಜ ಇದ್ದದ್ದೇ ಅವರ ಹತ್ತಿರ. ಅಂಗಡಿಯಿಂದ ತಂದ ಪ್ಯಾಕೆಟ್ ನೋಡಿ ಹಿರಿಯ ಉಮ್ಮ ಒಬ್ಬರು, ಇದರ ಬೀಜ ಮುಂದಿನ ವರ್ಷಕ್ಕೆ ಇಟ್ಟರೆ ಹೀಗೇ ಬರುತ್ತದಾ ಎಂದು ಕೇಳಿದರಂತೆ. ಹೈಬ್ರಿಡ್ ಅಲ್ಲವಾ, ಬರುವುದಿಲ್ಲ. ಮಾರನೇ ದಿನ ಅವರ ಮನೆಯಿಂದ ಹಾಲುಬೆಂಡೆ ಬೀಜ ಬಂತು. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಹಿಡಿಯುತ್ತಾ ಒಣಗಿದ ಇಡೀ ಹೀರೆಕಾಯಿ ಇನ್ನೊಂದು ಮನೆಯಿಂದ. ಬೂದಿಯಲ್ಲಿ ಕಲಸಿಟ್ಟ ಅಲಸಂಡೆ. ಬಾಳೆ ನಾರಿನಲ್ಲಿ ಪಕ್ಕಾಸಿಗೆ ಕಟ್ಟಿದ್ದ ಸೌತೆಕಾಯಿ ನೆರೆಯ ತುಳು ಕೃಷಿಕರ ಮನೆಯಿಂದ. ಒಲೆ ಹೋಗಿ ಗ್ಯಾಸ್ ಬಂದ ಮನೆಗಳಲ್ಲಿ ಈ ಹೊಗೆಯ ಅಟ್ಟವೂ ಇಲ್ಲ, ಬೀಜವೂ ಇಲ್ಲ. ಇಡೀ ಜಮಾಅತ್ತಿನಲ್ಲಿ ಹುಡುಕಿದರೂ ಊರ ಪಡುವಲದ ಬೀಜ ಸಿಗಲಿಲ್ಲ. ಅದನ್ನು ಮಾತ್ರ ಪ್ಯಾಕೆಟಿನದ್ದು ಹಾಕುವುದು.

ಕೆಂಪು ಹರಿವೆಯನ್ನು ಮಳೆಗೆ ಹಾಕುವುದು ಬೇಡ ಎಂದು ಉಮ್ಮಂದಿರ ತೀರ್ಮಾನ, ಜಡಿಮಳೆಗೆ ಎಲೆಯಲ್ಲಿ ಚುಕ್ಕಿ ಬಿದ್ದು ಹಾಳಾಗುತ್ತದೆ. ಬೆಂಡೆ ಬೀಜ ರಾತ್ರಿ ನೆನೆಸಿ ಬೆಳಿಗ್ಗೆ ಒಂದೂವರೆ ಅಡಿ ಅಂತರದಲ್ಲಿ ಹಾಕುವುದು. ಜೂನ್ ಮೊದಲ ವಾರ ಮುಂಗಾರು ಹಿಡಿಯುವ ಹೊತ್ತಿಗೆ ನಾಲ್ಕೆಲೆ ಬಂದಿರಬೇಕು. ಹಾಗೆ ಆದರೆ ನಲುವತ್ತೈದು ಐವತ್ತು ದಿನಕ್ಕೆ, ಮೀನಿಗೆ ಇನ್ನೂ ನಿಷೇಧ ಇರುವಾಗಲೇ, ಮೊದಲ ಬೆಂಡೆ ಕೊಯ್ಯಬಹುದು.

ಹೆದರಿಕೆ ಇರುವುದು ಮೇ ತಿಂಗಳ ಬಗ್ಗೆ ಅಲ್ಲ. ಗಿಡ ನೆಡುವುದರ ಪುಣ್ಯದ ಬಗ್ಗೆ, ಹಕ್ಕಿ ತಿಂದರೂ ಸದಕ ಎಂಬ ಹದೀಸಿನ ಬಗ್ಗೆ ಜೂನ್ 5ರ ಪರಿಸರ ದಿನದಂದು ನಾವೆಲ್ಲ ಭಾಷಣ ಮಾಡುತ್ತೇವೆ. ಜುಲೈಯ ಜಡಿಮಳೆಯಲ್ಲಿ ತಲೆಗೆ ಪ್ಲಾಸ್ಟಿಕ್ ಹಾಕಿ ಹೋಗಿ ಹೀರೆ ಬಳ್ಳಿಯ ಹುಳ ಹೆಕ್ಕುವವರು ಯಾರು? ಗಲ್ಫಿನವರು ರಜೆ ಮುಗಿಸಿ ಹೊರಡುತ್ತಾರೆ, ಮಕ್ಕಳಿಗೆ ಶಾಲೆ ಶುರು. ನವಿಲು, ಮಂಗಗಳ ಕಾಟ ಬೇರೆ, ಅವು ತಿಂದರೂ ಸದಕವೇ, ಆದರೆ ಎಂಟು ಮನೆಗೆ ಕೊಡಲು ಏನಾದರೂ ಉಳಿಯಬೇಕಲ್ಲ. ಒಂದೊಂದು ಏರಿಯನ್ನು ಎರಡೆರಡು ಮನೆಗೆ ಒಪ್ಪಿಸಿ, ಹೆಸರು ಬರೆದ ಹಲಗೆ ಹಾಕುವುದೆಂದು ಹೇಳಿದ್ದಾರೆ. ಹದಿನಾಲ್ಕರಲ್ಲಿ ಒಂಬತ್ತು ಏರಿಗೆ ಮನೆಯವರು ಒಪ್ಪಿದ್ದಾರೆ. ಆ ಎಂಟು ಮನೆಗಳಲ್ಲಿ ಮೂರು ಮನೆಯವರೇ, ಬರೀ ತೆಗೆದುಕೊಳ್ಳುವುದು ಬೇಡ, ನಮಗೂ ಒಂದು ಏರಿ ಕೊಡಿ ಎಂದು ಕೇಳಿ ಬಂದದ್ದು. ಉಳಿದ ಐದು ಏರಿಗೆ ಜನ ಬೇಕು.

ಚಪ್ಪರಕ್ಕೆ ಗೂಟವೂ ಸಾಲದು, ಇನ್ನೂ ಅರುವತ್ತಾದರೂ ಬೇಕು. ಹಿತ್ತಲಲ್ಲಿ ಹಳೆಯ ಅಡಿಕೆ ಸಲಾಕೆ ಬಿದ್ದಿರುವ ಮನೆಯವರು ಭಾನುವಾರ ಅಸರಿನ ಮೊದಲು ಮದ್ರಸದ ಗೇಟಿನ ಹತ್ತಿರ ತಂದಿಟ್ಟರೆ ಸಾಕು, ಹುಡುಗರು ಒಳಗೆ ಹೊರುತ್ತಾರೆ.