ಮುಳ್ಳು ಚಿಪ್ಪಿನೊಳಗಿನ ರಾಜವರ್ಣ

ಪುಟ್ಟ ಗದೆಯೊಂದರ ತಲೆಗೆ ಸುತ್ತಲೂ ಮುಳ್ಳು ನೆಟ್ಟಂಥ ಚಿಪ್ಪು. ಉದ್ದ ಆರರಿಂದ ಒಂಬತ್ತು ಸೆಂಟಿಮೀಟರ್. ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ಕೆಸರು, ಮರಳಿನ ಮೇಲೆ ತೆವಳುವ ಈ ಬಸವನಹುಳುವಿನ ವೈಜ್ಞಾನಿಕ ಹೆಸರು ಬೋಲಿನಸ್ ಬ್ರಾಂಡಾರಿಸ್. ಹಳೆಯ ಪುಸ್ತಕಗಳಲ್ಲಿ ಇದೇ ಮ್ಯೂರೆಕ್ಸ್ ಬ್ರಾಂಡಾರಿಸ್.

ಮಳೆಗಾಲದಲ್ಲಿ ನಮ್ಮ ಹಿತ್ತಲಿನ ಎಲೆ ಮೇಯುವ ಬಸವನಹುಳುವಿನಂತೆ ಇದು ಸಾಧು ಪ್ರಾಣಿಯಲ್ಲ. ಕಪ್ಪೆಚಿಪ್ಪಿನಂಥ ಜೀವಿಗಳನ್ನು ಬೇಟೆಯಾಡುತ್ತದೆ. ಸತ್ತ ಮೀನು ಸಿಕ್ಕರೂ ಬಿಡುವುದಿಲ್ಲ. ಅರದಂತೆ ಒರಟಾದ ನಾಲಗೆ, ಎದುರಾಳಿಯ ಚಿಪ್ಪನ್ನು ಮೆದುವಾಗಿಸುವ ರಸ ಇವು ಈ ಕುಟುಂಬದ ಹುಳುಗಳ ಆಯುಧಗಳು. ಇನ್ನೊಂದು ಆಯುಧವೂ ಇದೆ. ದೇಹದೊಳಗಿನ ಪುಟ್ಟ ಗ್ರಂಥಿಯೊಂದು ಸ್ರವಿಸುವ ಲೋಳೆಯಲ್ಲಿ ಸ್ನಾಯುಗಳನ್ನು ಸಡಿಲಗೊಳಿಸುವ ‘ಮ್ಯೂರೆಕ್ಸಿನ್’ ಎಂಬ ವಸ್ತುವಿದೆ. ಬೇಟೆಯನ್ನು ಮಣಿಸಲು ಇದು ನೆರವಾಗುತ್ತದೆಂದು ವಿಜ್ಞಾನಿಗಳ ಅಂದಾಜು.

ಹುಳುವಿಗೆ ಮುಳುವಾದದ್ದೂ ಇದೇ ಗ್ರಂಥಿ! ಹೊರತೆಗೆದಾಗ ಹೆಚ್ಚುಕಡಿಮೆ ಬಣ್ಣವಿಲ್ಲದ ಈ ಲೋಳೆ ಗಾಳಿ ಬೆಳಕು ತಾಗಿದೊಡನೆ ಹಳದಿ, ಹಸಿರು, ನೀಲಿಗಳಿಗೆ ತಿರುಗುತ್ತ ಕೊನೆಗೆ ಕೆಂಪು ಬೆರೆತ ಕಡುನೇರಳೆಯಾಗುತ್ತದೆ. ಇಂದಿನ ಲೆಬನಾನ್ ದೇಶದ ಟೈರ್ ಮತ್ತು ಸೈಡನ್ ಪಟ್ಟಣಗಳ ಫಿನೀಷಿಯನ್ನರು ಈ ಬಣ್ಣದಿಂದಲೇ ಸಿರಿವಂತರಾದರು. ಅವರು ಒಡೆದು ಬಿಸಾಡಿದ ಚಿಪ್ಪುಗಳ ದಿಬ್ಬವೇ ಸೈಡನ್ನಿನಲ್ಲಿದೆ.

ಹಿಡಿಯುವ ಉಪಾಯವನ್ನು ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ಬುಟ್ಟಿಯಲ್ಲಿ ಜೀವಂತ ಕಪ್ಪೆಚಿಪ್ಪುಗಳನ್ನಿಟ್ಟು ಕಡಲಿಗೆ ಇಳಿಬಿಡುವುದು. ಹುಳು ಬಂದು ನಾಲಗೆ ತೂರಿಸಿದೊಡನೆ ಕಪ್ಪೆಚಿಪ್ಪು ಬಾಯಿ ಮುಚ್ಚಿಕೊಳ್ಳುತ್ತದೆ. ನೇತಾಡುತ್ತಿರುವ ಬೇಟೆಗಾರನನ್ನು ಬೆಸ್ತರು ಮೇಲೆಳೆದುಕೊಳ್ಳುತ್ತಾರೆ. ಆಮೇಲೆ ಗ್ರಂಥಿ ಕಿತ್ತು, ಉಪ್ಪು ಬೆರೆಸಿ, ದಿನಗಟ್ಟಲೆ ಹದವಾಗಿ ಕಾಯಿಸಬೇಕು. ಆ ದುರ್ನಾತ ಎಷ್ಟಿತ್ತೆಂದರೆ, ಬಣ್ಣದ ಕೆಲಸದಿಂದ ಟೈರ್ ವಾಸಕ್ಕೆ ಹಿತವಲ್ಲ, ಆದರೆ ಅದರ ಐಶ್ವರ್ಯಕ್ಕೂ ಅದೇ ಕಾರಣ ಎಂದು ಭೂಗೋಳಕಾರ ಸ್ಟ್ರಾಬೊ ದಾಖಲಿಸಿದ್ದಾನೆ. ನಾತ ಕೆಲಸಗಾರರಿಗೆ, ಬಣ್ಣ ಚಕ್ರವರ್ತಿಗಳಿಗೆ!

ಕ್ರಿ.ಶ. 301ರಲ್ಲಿ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಹೊರಡಿಸಿದ ಬೆಲೆಪಟ್ಟಿಯಲ್ಲಿ ಈ ನೇರಳೆ ಅದ್ದಿದ ಒಂದು ಪೌಂಡ್ ರೇಷ್ಮೆಗೆ 1,50,000 ದಿನಾರಿಯಸ್. ಅದೇ ಪಟ್ಟಿಯಲ್ಲಿ ಬಡಗಿಯ ದಿನಗೂಲಿ, ಊಟ ಬಿಟ್ಟು, 50. ಅಂದರೆ ಎಂಟು ವರ್ಷಕ್ಕೂ ಮಿಕ್ಕಿದ ದುಡಿಮೆ.

ಇಷ್ಟು ದುಬಾರಿ ಏಕೆ? 1909ರಲ್ಲಿ ರಸಾಯನ ವಿಜ್ಞಾನಿ ಪಾಲ್ ಫ್ರೀಡ್‌ಲೆಂಡರ್ 12,000 ಹುಳುಗಳಿಂದ ಪಡೆದ ಶುದ್ಧ ಬಣ್ಣ ಕೇವಲ 1.4 ಗ್ರಾಂ! ಪರೀಕ್ಷಿಸಿದಾಗ ಅದು ನಮಗೆ ಹಳೆಯ ಪರಿಚಯದ ನೀಲಿಯ ದಾಯಾದಿ ಎಂದು ತಿಳಿಯಿತು. ನೀಲಿ ಗಿಡದಿಂದ ಬರುವ ಇಂಡಿಗೊ ಅಣುವಿನಲ್ಲಿ ಎರಡು ಹೈಡ್ರೋಜನ್ ಪರಮಾಣುಗಳ ಜಾಗಕ್ಕೆ ಎರಡು ಬ್ರೋಮಿನ್ ಕೂತರೆ ಈ ರಾಜವರ್ಣ. ಬ್ರೋಮಿನ್ ಹೇಗೂ ಕಡಲ ನೀರಿನಲ್ಲಿದೆ. ಅಂದಹಾಗೆ, ಇಂಡಿಗೊ ಎಂಬ ಹೆಸರು ಹುಟ್ಟಿದ್ದು ‘ಭಾರತದ್ದು’ ಎನ್ನುವ ಗ್ರೀಕ್ ಪದದಿಂದ.

1856ರಲ್ಲಿ 18ರ ಹರೆಯದ ಇಂಗ್ಲಿಷ್ ವಿದ್ಯಾರ್ಥಿ ವಿಲಿಯಂ ಪರ್ಕಿನ್ ಕ್ವಿನೈನ್ ತಯಾರಿಸಹೋಗಿ ಕೃತಕ ನೇರಳೆ ಬಣ್ಣ ಕಂಡುಕೊಂಡ. ನೇರಳೆ ಬಟ್ಟೆ ಜನಸಾಮಾನ್ಯರ ಕೈಗೂ ಎಟುಕಿತು.

ಆದರೆ ಬಣ್ಣದ ಕಾಟ ಹುಳುವಿಗೆ ತಪ್ಪಲಿಲ್ಲ. ಹಡಗುಗಳ ತಳಕ್ಕೆ ಪಾಚಿ, ಚಿಪ್ಪುಜೀವಿಗಳು ಅಂಟದಂತೆ ಬಳಿಯುತ್ತಿದ್ದ ಬಣ್ಣದಲ್ಲಿ ಟ್ರೈಬ್ಯುಟೈಲ್ ಟಿನ್ ಎಂಬ ವಿಷವಿತ್ತು. ಅದು ನೀರಿಗೆ ಸೋರಿ, ಹೆಣ್ಣು ಹುಳುಗಳಲ್ಲಿ ಗಂಡಿನ ಅಂಗ ಬೆಳೆಯತೊಡಗಿತು. ಇಂಥ ಬಣ್ಣವನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ಸಿದ್ಧವಾಗಿ 2008ರಲ್ಲಿ ಜಾರಿಗೆ ಬಂತು.

ಈಗ ಹುಳುವನ್ನು ಹಿಡಿಯುವುದು ತಿನ್ನಲು. ದಕ್ಷಿಣ ಸ್ಪೇನಿನ ಕಡಲತೀರದಲ್ಲಿ ಇದನ್ನು ಉಪ್ಪುನೀರಿನಲ್ಲಿ ಬೇಯಿಸಿ ತಿನ್ನುತ್ತಾರೆ. ಅಲ್ಲಿ ಇದರ ಹೆಸರು ‘ಕನ್ಯಾಯಿಯಾ’. ಕಾದಿಸ್ ಬಳಿಯ ಸಾನ್ ಫೆರ್ನಾಂಡೊ ಪಟ್ಟಣದವರನ್ನು ಸುತ್ತಲಿನ ಜನ ಕರೆಯುವುದೂ ಇದೇ ಹೆಸರಿನಿಂದ.