ಸೂಜಿ ಹಿಡಿಯುವವರು ಯಾರು?

ಹುಬ್ಬುಗಳ ನಡುವಿನ ಗೆರೆಗೆ ಮೂಲ ಅಲ್ಲಿನ ಸ್ನಾಯು. ಅದು ವರ್ಷಗಟ್ಟಲೆ ಬಿಗಿದು ಸಡಿಲವಾಗುತ್ತ ಮೇಲಿನ ಚರ್ಮದಲ್ಲಿ ಮಡಿಕೆ ಉಳಿಸುತ್ತದೆ. ಕೆನ್ನೆ ಇಳಿಬೀಳುವುದಕ್ಕೆ ಕಾರಣ ಬೇರೆ: ಒಳಗಿನ ಕೊಬ್ಬು, ಮೂಳೆಗಳೇ ಸವೆಯುತ್ತವೆ. ಇನ್ನು ಸಣ್ಣ ಸುಕ್ಕು, ಕಪ್ಪು ಮಚ್ಚೆಗಳ ಹಿಂದೆ ಹೆಚ್ಚಾಗಿ ಬಿಸಿಲಿರುತ್ತದೆ. 2025ರ ಮಾರ್ಚ್‌ನಲ್ಲಿ ಕೇರಳದ ಕೆಲವೆಡೆ ನೇರಳಾತೀತ ಸೂಚ್ಯಂಕ 11 ಮುಟ್ಟಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಅದು ಅತಿ ತೀವ್ರ ಮಟ್ಟ.

ಕಾರಣ ಮೂರು ಬಗೆಯದಾದರೆ ಮದ್ದೂ ಮೂರು ಬಗೆಯದೇ. ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ, ಎಲ್ಲ ಮುಖಕ್ಕೂ ಒಂದೇ ‘ಪ್ಯಾಕೇಜ್’ ಹೇಳುವ ಕ್ಲಿನಿಕ್ ಈ ಮೊದಲ ಪಾಠವನ್ನೇ ಬಿಟ್ಟಿದೆ.

ಬೊಟಾಕ್ಸ್ ವಿಷಯ ನೋಡಿ. ಕೆನಡಾದ ವ್ಯಾಂಕೂವರ್‌ನಲ್ಲಿ ಕಣ್ಣಿನ ವೈದ್ಯೆ ಜೀನ್ ಕಾರುಥರ್ಸ್ ರೆಪ್ಪೆ ಅದುರುವ ರೋಗಿಗಳಿಗೆ ಇದನ್ನು ಚುಚ್ಚುತ್ತಿದ್ದರು. ಹುಬ್ಬಿನ ಗೆರೆಗಳೂ ಮಾಯವಾದದ್ದು ಗಮನಕ್ಕೆ ಬಂದು, ಚರ್ಮವೈದ್ಯರಾದ ಪತಿ ಅಲಸ್ಟೇರ್ ಜೊತೆ ಅದನ್ನೇ ಅಭ್ಯಾಸ ಮಾಡಿದರು. ಹುಬ್ಬಿನ ಗೆರೆಗೆ ಬಳಸಲು ಅಮೆರಿಕದ ಅನುಮತಿ ಸಿಕ್ಕಿದ್ದು 2002ರಲ್ಲಿ. ನರದ ಸಂದೇಶ ಸ್ನಾಯುವಿಗೆ ತಲುಪದಂತೆ ತಡೆಯುವ ಈ ಮದ್ದಿನ ಪ್ರಭಾವ ಮೂರು ನಾಲ್ಕು ತಿಂಗಳು. ತಪ್ಪು ಜಾಗಕ್ಕೆ ಬಿದ್ದರೆ ರೆಪ್ಪೆ ಜೋತುಬೀಳುತ್ತದೆ, ವಾರಗಳಲ್ಲಿ ಸರಿಯಾಗುತ್ತದೆ.

ಇಳಿದ ಜಾಗ ತುಂಬಲು ಚುಚ್ಚುವ ಜೆಲ್, ಅಂದರೆ ಫಿಲ್ಲರ್, ಹಾಗಲ್ಲ. ಹುಬ್ಬಿನ ನಡುವಿನ, ಮೂಗಿನ ರಕ್ತನಾಳಗಳು ಕಣ್ಣಿನ ನಾಳದೊಂದಿಗೆ ಕೂಡಿಕೊಂಡಿವೆ. ಜೆಲ್ ಅಲ್ಲಿಗೆ ನುಗ್ಗಿದರೆ ಚರ್ಮ ಕೊಳೆಯಬಹುದು, ದೃಷ್ಟಿಯೇ ಹೋಗಬಹುದು. ಹೈಲುರಾನಿಕ್ ಆಮ್ಲದ ಫಿಲ್ಲರನ್ನು ಕರಗಿಸಲು ಹೈಲುರಾನಿಡೇಸ್ ಎಂಬ ಕಿಣ್ವವಿದೆ. ಅದು ಕ್ಲಿನಿಕ್‌ನಲ್ಲೇ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಕಳೆದುಹೋಗುವ ಒಂದೊಂದು ನಿಮಿಷವೂ ದುಬಾರಿ. ಲೇಸರ್‌ಗೂ ಪಳಗಿದ ಕೈ ಬೇಕು: ಶಕ್ತಿ ಹೆಚ್ಚಾದರೆ ನಮ್ಮ ಗೋಧಿ, ಕಂದು ಮೈಬಣ್ಣದ ಚರ್ಮ ಸುಟ್ಟು, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ.

ಅಪಾಯ ಕಾಲ್ಪನಿಕವಲ್ಲ. ಸುಕ್ಕಿನ ಚಿಕಿತ್ಸೆಯದಲ್ಲದಿದ್ದರೂ ಸೌಂದರ್ಯ ಕ್ಲಿನಿಕ್‌ನದೇ ಪ್ರಕರಣವೊಂದಿದೆ. 2025ರ ಫೆಬ್ರವರಿಯಲ್ಲಿ ತಿರುವನಂತಪುರದಲ್ಲಿ ಹೊಟ್ಟೆಯ ಕೊಬ್ಬು ತೆಗೆಸಿಕೊಂಡ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರಿಗೆ ಸೋಂಕು ಏರಿ, ಒಂಬತ್ತು ಬೆರಳುಗಳನ್ನು ಕತ್ತರಿಸಬೇಕಾಯಿತು. ಇಂಥದ್ದನ್ನು ಓದಿದ ಮೇಲೂ ಬರೀ ರಿಯಾಯಿತಿ ದರ ನೋಡಿ ಕ್ಲಿನಿಕ್ ಆರಿಸುವುದು ತೀರ ದುಡುಕು.

ಪರಿಶೀಲನೆ ಕಷ್ಟವೇನಲ್ಲ. ಎಂಬಿಬಿಎಸ್ ನಂತರ ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ, ಇಲ್ಲವೇ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಇರಬೇಕು. ‘ಕಾಸ್ಮೆಟಾಲಜಿ’ಯ ವಾರಾಂತ್ಯದ ಸರ್ಟಿಫಿಕೇಟ್ ಇವಕ್ಕೆ ಸಮವಲ್ಲ. ವೈದ್ಯರು ನೋಂದಣಿ ಸಂಖ್ಯೆಯನ್ನು ಕ್ಲಿನಿಕ್‌ನಲ್ಲಿ ತೂಗುಹಾಕಬೇಕು, ಚೀಟಿಯ ಮೇಲೂ ಬರೆಯಬೇಕೆಂದು 2002ರ ವೈದ್ಯಕೀಯ ಮಂಡಳಿ ನಿಯಮವೇ ಹೇಳುತ್ತದೆ. ಕಾಸರಗೋಡಿನಿಂದ ದಕ್ಷಿಣಕ್ಕೆ ಹೋಗುವ ಕನ್ನಡಿಗರಿಗೆ ಆ ಸಂಖ್ಯೆಯ ಮುಂದೆ ‘ಟಿಸಿಎಂಸಿ’ ಕಂಡರೆ ಗಾಬರಿ ಬೇಡ. ಅದು ಹಳೆಯ ತಿರುವಾಂಕೂರು-ಕೊಚ್ಚಿ ವೈದ್ಯಕೀಯ ಮಂಡಳಿಯ ಗುರುತು. ಕ್ಲಿನಿಕ್‌ಗೂ ಕೇರಳದ 2018ರ ಚಿಕಿತ್ಸಾ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು.

ಒಳ್ಳೆಯ ವೈದ್ಯರು ಸೂಜಿಗಿಂತ ಮೊದಲು ಪ್ರಶ್ನೆ ಎತ್ತಿಕೊಳ್ಳುತ್ತಾರೆ. ಗರ್ಭಿಣಿಯೇ? ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆಯೇ? ಮಯಸ್ತೀನಿಯಾದಂಥ ಸ್ನಾಯು ದೌರ್ಬಲ್ಯವಿದೆಯೇ? ಅನೇಕರಿಗೆ ಅವರು ಮೊದಲು ಬರೆದುಕೊಡುವುದು ಸನ್‌ಸ್ಕ್ರೀನ್ ಮತ್ತು ರಾತ್ರಿ ಹಚ್ಚುವ ಟ್ರೆಟಿನೊಯಿನ್. ಗರ್ಭಿಣಿಯರಿಗೆ ಟ್ರೆಟಿನೊಯಿನ್ ಕೂಡ ಇಲ್ಲ. ಈ ಪ್ರಶ್ನೆಗಳಲ್ಲಿ ಒಂದನ್ನೂ ಕೇಳದೆ ಮುಂಗಡ ಹಣ ಕೇಳಿದರೆ ಕುರ್ಚಿಯಿಂದ ಎದ್ದು ಬರಬಹುದು.