ನೆಟ್ಟ ಹಲ್ಲು, ಕಟ್ಟಿದ ಹಲ್ಲು

ಬಾಯಲ್ಲಿ ಒಂದು ಹಲ್ಲು ಕಡಿಮೆಯಾದುದನ್ನು ಕಣ್ಣಿಗಿಂತ ಮೊದಲು ಕಿವಿ ಕಂಡುಹಿಡಿಯುತ್ತದೆ. ತವರ್ಗದ ಐದು ಅಕ್ಷರಗಳನ್ನೂ ಲಕಾರ ಸಕಾರಗಳನ್ನೂ ವೈಯಾಕರಣರು ದಂತ್ಯಗಳೆಂದು ಕರೆದರು; ವಕಾರಕ್ಕೆ ಹಲ್ಲು ತುಟಿಗಳೆರಡರ ನೆರವೂ ಬೇಕೆಂದು ಅದನ್ನು ದಂತೋಷ್ಠ್ಯವೆಂದರು. ಎದುರಿನ ಎರಡು ಹಲ್ಲು ಬಿದ್ದ ಹಿರಿಯರು 'ಸರಸ್ವತಿ' ಎಂದಾಗ ಆ ತಾಯಿಯ ಹೆಸರಿನಲ್ಲಿ ಗಾಳಿಯ ಪಾಲೇ ಹೆಚ್ಚಾಗುವುದು ಇದರಿಂದಲೇ. ಮುಖ ಕಾಣದೆ ದನಿಯೊಂದನ್ನೇ ಕೇಳುವ ರೇಡಿಯೋ ಶ್ರೋತೃಗಳಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಉಣ್ಣುವ ವಿಷಯ: ಕುಚ್ಚಲಕ್ಕಿ ಗಂಜಿಯನ್ನು ಹೇಗಾದರೂ ನುಂಗಬಹುದು, ಅದರೊಡನೆ ಸುಟ್ಟ ಹಪ್ಪಳ ಬೇಕೆಂದರೆ ಹಲ್ಲಿರಬೇಕು.

ನಮ್ಮ ತೋಡಾರು ಮೂಡುಬಿದಿರೆಗೂ ಮಂಗಳೂರಿಗೂ ನಡುವಿನ ಹೆದ್ದಾರಿಯ ಊರು. ಹಿಂದೆ ಇಲ್ಲಿಯವರು ಹಲ್ಲು ನೋವೆಂದರೆ ಕೀಳಿಸಿಕೊಂಡು ಬರುತ್ತಿದ್ದರು, ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಎಲ್ಲ ಹಲ್ಲೂ ಹೋದ ಮೇಲೆ ಅನುಕೂಲವಿದ್ದವರು 'ಸೆಟ್ಟು' ಕಟ್ಟಿಸಿಕೊಳ್ಳುತ್ತಿದ್ದರು. ಈಗ ಹೆದ್ದಾರಿಯ ಇಕ್ಕೆಲಗಳಲ್ಲಿಯೂ ದಂತವೈದ್ಯರ ಫಲಕಗಳಿವೆ. ಅವುಗಳಲ್ಲಿ 'ಇಂಪ್ಲಾಂಟ್' ಎಂಬ ಮಾತು ದಪ್ಪಕ್ಷರದಲ್ಲಿದೆ. ಒಂದು ಹಲ್ಲಿಗೆ ಹತ್ತಾರು ಸಾವಿರ ರೂಪಾಯಿ ಕೇಳುವ ಈ ಚಿಕಿತ್ಸೆ ಯಾರಿಗೆ ತಕ್ಕದ್ದು, ಯಾರಿಗೆ ಬೇಡ, ಯಾವಾಗ ಕೇಳಬೇಕು ಎಂಬುದನ್ನು ಮನೆಯವರು ಒಮ್ಮೆ ಕುಳಿತು ಯೋಚಿಸುವುದು ಒಳ್ಳೆಯದು. ಮಂಗಳೂರಿನಲ್ಲಿರುವ ಮಗಳು ಬೇಕೆಂದಳು, ಪಕ್ಕದ ಮನೆಯವರು ಬೇಡವೆಂದರು ಎಂಬಷ್ಟರಲ್ಲಿ ತೀರ್ಮಾನವಾಗತಕ್ಕ ಸಂಗತಿ ಇದಲ್ಲ.

ಇಂಪ್ಲಾಂಟ್ ಎಂದರೆ ಹಲ್ಲಲ್ಲ, ಹಲ್ಲಿನ ಬೇರಿಗೆ ಬದಲಾಗಿ ದವಡೆಯ ಎಲುಬಿನೊಳಗೆ ತಿರುಗಿಸಿ ನಿಲ್ಲಿಸುವ ಸಣ್ಣ ತಿರುಪುಮೊಳೆ. ಸಾಮಾನ್ಯವಾಗಿ ಅದು ಟೈಟಾನಿಯಮ್ ಲೋಹದ್ದು. ಅದರ ಮೇಲೆ ಒಂದು ಕೊಂಡಿ, ಕೊಂಡಿಯ ಮೇಲೆ ಹಲ್ಲಿನ ಆಕಾರದ ಟೋಪಿ. ಕನ್ನಡದಲ್ಲಿ ಇದನ್ನು 'ನಾಟಿಹಲ್ಲು' ಎನ್ನೋಣವೆಂದರೆ ನಾಟಿಕೋಳಿಯ ನೆನಪಾಗುತ್ತದೆ. 'ನೆಟ್ಟ ಹಲ್ಲು' ಎಂದರೆ ಸಾಕೆಂದು ನನಗೆ ತೋರುತ್ತದೆ. ಗದ್ದೆಯಲ್ಲಿ ನೇಜಿ ನೆಟ್ಟ ಮೇಲೆ ಅದು ಬೇರೂರುವ ತನಕ ಅಲುಗಿಸಬಾರದಷ್ಟೆ? ಇಲ್ಲಿಯೂ ಹಾಗೆಯೇ. ವ್ಯತ್ಯಾಸವೆಂದರೆ ಇಲ್ಲಿ ನೆಟ್ಟದ್ದು ಬೇರು ಬಿಡುವುದಿಲ್ಲ. ಗದ್ದೆಯೇ ಬೆಳೆದು ಬಂದು ಅದನ್ನು ಹಿಡಿದುಕೊಳ್ಳುತ್ತದೆ.

ಈ ಹಿಡಿತವನ್ನು ಕಂಡುಕೊಂಡ ಕಥೆ ಸ್ವಾರಸ್ಯವಾಗಿದೆ. 1952ರಲ್ಲಿ ಸ್ವೀಡನ್ ದೇಶದ ಲುಂಡ್ ನಗರದಲ್ಲಿ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ ಎಂಬ ತರುಣ ವಿಜ್ಞಾನಿ ಮೊಲದ ಕಾಲಿನ ಎಲುಬಿನಲ್ಲಿ ರಕ್ತ ಹೇಗೆ ಸಂಚರಿಸುತ್ತದೆಂದು ನೋಡುವುದಕ್ಕಾಗಿ ಟೈಟಾನಿಯಮ್ಮಿನ ಪುಟ್ಟ ಕೊಳವೆಯನ್ನು ಒಳಗಿರಿಸಿದ್ದರು. ಕೆಲಸ ಮುಗಿದ ಮೇಲೆ ಅದನ್ನು ಹೊರತೆಗೆಯಹೋದರೆ ಅದು ಬರಲೊಲ್ಲದು. ಎಲುಬು ಅದಕ್ಕೆ ಬಿಗಿಯಾಗಿ ಅಂಟಿಬಿಟ್ಟಿತ್ತು. ಹಲ್ಲಿನ ಚಿಂತೆಯೇ ಇಲ್ಲದೆ ಆರಂಭವಾದ ಪರೀಕ್ಷೆ ಹೀಗೆ ಹಲ್ಲಿನ ಚಿಕಿತ್ಸೆಗೆ ದಾರಿಯಾಯಿತು. 1965ರಲ್ಲಿ ಯೋಟೆಬೊರಿ ನಗರದಲ್ಲಿ ಯೋಸ್ತಾ ಲಾರ್ಸನ್ ಎಂಬವರ ಕೆಳದವಡೆಗೆ ಅವರು ಮೊದಲ ಬಾರಿಗೆ ಇಂಥ ಮೊಳೆಗಳನ್ನು ಹಾಕಿದರು. ಲಾರ್ಸನ್ 2006ರಲ್ಲಿ ತೀರಿಕೊಂಡಾಗಲೂ, ನಲವತ್ತು ವರ್ಷಗಳು ಕಳೆದ ಮೇಲೂ, ಅವು ಅವರ ಬಾಯಲ್ಲಿ ಕೆಲಸ ಮಾಡುತ್ತಲೇ ಇದ್ದುವು. ವಿದ್ವಾಂಸರು ಮಾತ್ರ ಬೇಗನೆ ಒಪ್ಪಲಿಲ್ಲ. 1982ರಲ್ಲಿ ಕೆನಡಾದ ಟೊರಾಂಟೊದಲ್ಲಿ ನಡೆದ ಸಮ್ಮೇಳನದ ಬಳಿಕವೇ ಈ ವಿಧಾನಕ್ಕೆ ಲೋಕಮಾನ್ಯತೆ ಬಂದುದು. ಲಾರ್ಸನ್ನರ ಬಾಯಿಗೆ ಮೊಳೆ ಬಿದ್ದ ಆ 1965ರಲ್ಲಿಯೇ ನಮ್ಮ ಮಣಿಪಾಲದಲ್ಲಿ ದಂತವೈದ್ಯ ಕಾಲೇಜು ಬಾಗಿಲು ತೆರೆಯಿತೆಂಬುದು ಕಾಕತಾಳೀಯವಾದರೂ ನೆನೆಯತಕ್ಕ ಮಾತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೆಟ್ಟ ಹಲ್ಲಿನ ಭವಿಷ್ಯ ನಿಲ್ಲುವುದು ಮೊಳೆಯ ಮೇಲಲ್ಲ, ಎಲುಬಿನ ಮೇಲೆ. ಮುರಕಲ್ಲಿನ ಪಾರೆಯಲ್ಲಿ ಗುಂಡಿ ತೋಡಿ ನೆಟ್ಟ ಕಂಬಕ್ಕೂ ಬೈಲಿನ ಕೆಸರಿನಲ್ಲಿ ನೆಟ್ಟ ಕಂಬಕ್ಕೂ ಇರುವ ಅಂತರವನ್ನು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ಎಲುಬು ಕೆಲಸವಿಲ್ಲದೆ ಸವೆಯತೊಡಗುತ್ತದೆ. ಒಂದು ವರ್ಷದೊಳಗೆ ಆ ಜಾಗದ ಎಲುಬಿನ ಅಗಲ ಸುಮಾರು ಅರ್ಧಕ್ಕೆ ಇಳಿಯುವುದುಂಟು. ಅದರಲ್ಲಿಯೂ ದೊಡ್ಡ ಪಾಲು ಮೊದಲ ಮೂರು ತಿಂಗಳಲ್ಲೇ ನಷ್ಟವಾಗುತ್ತದೆ. ಆದುದರಿಂದ ಮುಂದೆ ಇಂಪ್ಲಾಂಟ್ ಹಾಕಿಸುವ ಯೋಚನೆ ಕಿಂಚಿತ್ತಾದರೂ ಇದ್ದಲ್ಲಿ ಅದನ್ನು ವೈದ್ಯರಲ್ಲಿ ಹೇಳತಕ್ಕ ಸಮಯ ಹಲ್ಲು ಕೀಳಿಸುವ ದಿನ; ಕೀಳಿಸಿದ ಐದು ವರ್ಷಗಳ ಮೇಲಲ್ಲ. ತಡವಾಯಿತೆಂದರೆ ದಾರಿಯೇ ಮುಚ್ಚಿತೆಂದಲ್ಲ. ಎಲುಬನ್ನು ತುಂಬಿಸುವ ಶಸ್ತ್ರಕ್ರಿಯೆಗಳಿವೆ. ಆದರೆ ಖರ್ಚೂ ಕಾಲವೂ ಬೆಳೆಯುತ್ತವೆ.

ಒಂದೇ ಹಲ್ಲು ಹೋಗಿದೆಯೆನ್ನಿ. ಎದುರಿಗೆ ಮೂರು ನಾಲ್ಕು ದಾರಿಗಳು. ತೆಗೆದು ಹಾಕುವ ಹಲ್ಲು ಅಗ್ಗ. ಆದರೆ ಅದು ಬಾಯಲ್ಲಿ ಬಂದಿಳಿದ ಅತಿಥಿಯಂತೆಯೇ ಇರುತ್ತದೆ. ಎರಡನೆಯದು 'ಬ್ರಿಜ್', ಅಂದರೆ ಸೇತುವೆ: ಅಕ್ಕಪಕ್ಕದ ಹಲ್ಲುಗಳನ್ನು ಅರೆದು ಸಣ್ಣ ಮಾಡಿ, ಅವುಗಳ ಮೇಲೆ ಟೋಪಿಯಿಟ್ಟು, ನಡುವೆ ಇಲ್ಲದ ಹಲ್ಲನ್ನು ತೂಗುಹಾಕುವುದು. ಆ ಅಕ್ಕಪಕ್ಕದ ಹಲ್ಲುಗಳು ಈಗಾಗಲೇ ಹುಳುಕು ತುಂಬಿಸಿಕೊಂಡು ಟೋಪಿ ಬೇಡುವಂಥವಾಗಿದ್ದರೆ ಸೇತುವೆಯೇ ಬುದ್ಧಿವಂತಿಕೆ. ಆದರೆ ಅವೆರಡೂ ಗಟ್ಟಿಮುಟ್ಟಾಗಿದ್ದರೆ, ಸತ್ತವನಿಗಾಗಿ ಇಬ್ಬರು ಬದುಕಿರುವವರನ್ನು ಕಡಿದಂತಾಯಿತು. ನೆಟ್ಟ ಹಲ್ಲಿಗೆ ನಿಜವಾದ ಸ್ಥಾನ ಅಲ್ಲಿದೆ. ಅದು ನೆರೆಯವರನ್ನು ಮುಟ್ಟುವುದಿಲ್ಲ. ಇನ್ನೊಂದು ದಾರಿಯನ್ನು ಯಾರೂ ಫಲಕದಲ್ಲಿ ಬರೆಯುವುದಿಲ್ಲ: ಸುಮ್ಮನೆ ಬಿಟ್ಟುಬಿಡುವುದು. ತೀರ ಹಿಂದಿನ ಕೊನೆಯ ದವಡೆಹಲ್ಲು ಹೋಗಿ ಉಳಿದ ಹಲ್ಲುಗಳಲ್ಲಿ ಅಗಿಯುವ ಕೆಲಸ ಚೆನ್ನಾಗಿ ಸಾಗುತ್ತಿದ್ದರೆ ಹಾಗೆಯೇ ಇರಬಹುದೆಂದು ಅನೇಕ ದಂತವೈದ್ಯರು ಒಪ್ಪುತ್ತಾರೆ. 'ಬಿಟ್ಟರೆ ಏನಾಗುತ್ತದೆ?' ಎಂದು ನೀವೇ ಬಾಯಿಬಿಟ್ಟು ಕೇಳಿ.

ಬಾಯಿಯ ಹಲ್ಲುಗಳೆಲ್ಲ ಹೋದವರ ವಿಷಯ ಬೇರೆ. ಮೇಲಿನ ಸೆಟ್ಟು ಅಂಗುಳಿನ ವಿಶಾಲವಾದ ನೆಲಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಕೆಳಗಿನದಕ್ಕೆ ಅಂಥ ನೆಲವಿಲ್ಲ. ಎಲುಬು ಸವೆದಂತೆಲ್ಲ ನಾಲಗೆ ಅದನ್ನು ಎತ್ತಿ ಎತ್ತಿ ಹಾಕುತ್ತದೆ. ಮದುವೆಯೂಟದ ಪಂಕ್ತಿಯಲ್ಲಿ ಕೆಲವು ಹಿರಿಯರು ಮೆತ್ತಗಿನ ಪಾಯಸವನ್ನಷ್ಟೇ ಉಂಡು ಏಳುವುದನ್ನು ನೀವು ಕಂಡಿರಬಹುದು. ಇವರಿಗೆ ಪೂರ್ತಿ ಬಾಯಿಗೆ ಇಂಪ್ಲಾಂಟ್ ಎಂದರೆ ಲಕ್ಷಗಳ ಮಾತಾಗಿ ಮನೆಯವರು ಹಿಂಜರಿಯುತ್ತಾರೆ. ನಡುವೆ ಒಂದು ದಾರಿಯಿರುವುದು ಹಲವರಿಗೆ ತಿಳಿಯದು. ಕೆಳದವಡೆಯ ಮುಂಭಾಗದಲ್ಲಿ ಕೇವಲ ಎರಡು ಮೊಳೆಗಳನ್ನು ನೆಟ್ಟು, ಸೆಟ್ಟಿನ ಅಡಿಯಲ್ಲಿ ಗುಂಡಿಯಂಥ ಕೊಂಡಿಯಿಟ್ಟರೆ, ಅಂಗಿಯ ಗುಂಡಿ ಹಾಕಿದ ಹಾಗೆ ಸೆಟ್ಟು ಟಕ್ಕೆಂದು ಕೂರುತ್ತದೆ; ರಾತ್ರಿ ತೆಗೆದು ತೊಳೆಯಬಹುದು. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಕೆಳದವಡೆಯ ಹಲ್ಲುಗಳೆಲ್ಲ ಹೋದವರಿಗೆ ಮೊದಲು ಹೇಳತಕ್ಕ ಚಿಕಿತ್ಸೆ ಇದೇ ಎಂದು ಅಭಿಪ್ರಾಯಪಟ್ಟಿದ್ದಾರೆ. ಮೂಡುಬಿದಿರೆಯ ಬಸದಿಗೆ ಸಾವಿರ ಕಂಬ ಬೇಕಾಯಿತು, ಬಾಯಿಗೆ ಬೇಕಾಗಿಲ್ಲ. ಅದೂ ಕೈಗೆಟುಕದಿದ್ದರೆ ಸಾಧಾರಣ ಸೆಟ್ಟು ಇದ್ದೇ ಇದೆ. ಕರ್ನಾಟಕ ಸರಕಾರವು ಕಳೆದ ದಶಕದಲ್ಲಿ 'ದಂತಭಾಗ್ಯ' ಎಂಬ ಯೋಜನೆಯನ್ನು ಆರಂಭಿಸಿ, ಬಡತನದ ರೇಖೆಯ ಕೆಳಗಿನ ಹಿರಿಯರಿಗೆ ಉಚಿತವಾಗಿ ಪೂರ್ಣ ದಂತಪಂಕ್ತಿ ಒದಗಿಸುವ ಏರ್ಪಾಡು ಮಾಡಿತು. ಈಗಿನ ನಿಯಮಗಳನ್ನು ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಯಾರು ಎಚ್ಚರವಾಗಿರಬೇಕು? ಸಕ್ಕರೆ ಕಾಯಿಲೆ ಇದ್ದ ಮಾತ್ರಕ್ಕೆ ಇಂಪ್ಲಾಂಟ್ ಬೇಡವೆಂದಲ್ಲ. ಹತೋಟಿಯಲ್ಲಿಲ್ಲದ ಸಕ್ಕರೆ ಗಾಯ ಮಾಯದಂತೆ ಮಾಡುತ್ತದೆ, ಸೋಂಕನ್ನು ಕರೆಯುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಮೊಳೆ ಸಡಿಲವಾಗುವ ಸಂಭವ ಸೇದದವರಿಗಿಂತ ಹೆಚ್ಚು. ಎಲುಬಿನ ಸವೆತಕ್ಕಾಗಿ ಅಥವಾ ಕ್ಯಾನ್ಸರಿಗಾಗಿ ಕೆಲವು ಬಗೆಯ ಮಾತ್ರೆ, ಚುಚ್ಚುಮದ್ದುಗಳನ್ನು ತೆಗೆದುಕೊಳ್ಳುವವರಲ್ಲಿ ಶಸ್ತ್ರಕ್ರಿಯೆಯ ಅನಂತರ ದವಡೆಯ ಎಲುಬು ಸಾಯುವ ಅಪಾಯವುಂಟು. ಅಂಥ ಔಷಧಿಯ ಚೀಟಿಯನ್ನು ಮರೆಮಾಚದೆ ತೋರಿಸಲೇಬೇಕು. ಬೆಳೆಯುವ ಹುಡುಗ ಹುಡುಗಿಯರಿಗೆ ದವಡೆ ಬೆಳೆದು ಮುಗಿಯುವ ತನಕ ಇಂಪ್ಲಾಂಟ್ ಬೇಡ. ಉಳಿದ ಹಲ್ಲುಗಳು ಮುಂದೆ ಸಾಗುತ್ತವೆ, ಮೊಳೆ ನಿಂತಲ್ಲೇ ನಿಲ್ಲುತ್ತದೆ.

ನಮ್ಮ ಜಿಲ್ಲೆಯ ಬಾಯಿಗೆ ಇನ್ನೊಂದು ಕಥೆಯುಂಟು: ಎಲೆಯಡಕೆ. ಅಡಕೆ ನಮ್ಮ ತೋಟಗಳ ಜೀವ, ನಾನೇನೂ ಅದರ ಹಗೆಯಲ್ಲ. ಆದರೆ ವರುಷಗಟ್ಟಲೆ ಅಡಕೆ ಅಗಿದ ಬಾಯಿಯಲ್ಲಿ ಕೆನ್ನೆಯ ಒಳಚರ್ಮ ಗಡುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗುವ ಒಂದು ವ್ಯಾಧಿಯಿದೆ. ಎರಡು ಬೆರಳು ಹೋಗದ ಬಾಯೊಳಗೆ ವೈದ್ಯರ ಉಪಕರಣ ಹೋಗುವುದೆಂತು? ಹೊಗೆಸೊಪ್ಪು ಸೇರಿದರೆ ಒಸಡು ಸೊರಗುತ್ತದೆ, ಕ್ಯಾನ್ಸರಿನ ಭಯವೂ ಬೆಳೆಯುತ್ತದೆ. ಇಂಪ್ಲಾಂಟಿಗೆ ಹುಳುಕು ಹಿಡಿಯದೆಂಬುದು ಸತ್ಯವೇ. ಆದರೆ ಅದರ ಸುತ್ತಣ ಒಸಡು ಕೆಟ್ಟು ಎಲುಬು ಕರಗುವ ರೋಗಕ್ಕೆ ಅದು ಸುಲಭದ ತುತ್ತು. ಸಹಜವಾದ ಹಲ್ಲಿಗೂ ಎಲುಬಿಗೂ ನಡುವೆ ಒಂದು ತೆಳ್ಳನೆಯ ನಾರಿನ ಪದರವಿದೆ; ಕಲ್ಲು ಕಚ್ಚಿದರೆ ತಟ್ಟನೆ ತಿಳಿಸುವುದು ಅದೇ. ಮೊಳೆಗೆ ಆ ಅರಿವಿಲ್ಲ. ನೋವಿಲ್ಲದೆಯೇ ಕೆಡಬಹುದು. ಹಾಗಾಗಿ ಸಂದುಗಳಿಗೆ ಹೋಗುವ ಸಣ್ಣ ಬ್ರಶ್ಶಿನಿಂದ ದಿನವೂ ಉಜ್ಜಬೇಕು, ವರ್ಷಕ್ಕೆ ಒಂದೆರಡು ಸಲ ವೈದ್ಯರಿಗೆ ತೋರಿಸಬೇಕು. ಕೈ ನಡುಗುವ, ಮರೆವು ಹೆಚ್ಚಿದ ಹಿರಿಯರಾದರೆ ಉಜ್ಜಿಕೊಡುವವರು ಯಾರೆಂಬುದನ್ನು ಮೊಳೆ ಹಾಕಿಸುವ ಮೊದಲೇ ಮನೆಯಲ್ಲಿ ನಿಶ್ಚಯಿಸಿಕೊಳ್ಳಿ. ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷಗಳ ಮೇಲೂ ನೂರರಲ್ಲಿ 90ಕ್ಕಿಂತ ಹೆಚ್ಚು ಮೊಳೆಗಳು ಉಳಿಯುತ್ತವೆ. 'ಜೀವಮಾನಕ್ಕೆ ಖಾತರಿ' ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನೆಡುವ ಮೊದಲು ಎಕ್ಸ್‌ರೇ ಬೇಕೇಬೇಕು. ಹಲವರಿಗೆ ಮೂರು ಆಯಾಮಗಳನ್ನು ತೋರಿಸುವ ಸ್ಕ್ಯಾನ್ ಕೂಡ. ಕೆಳದವಡೆಯೊಳಗೆ ತುಟಿಗೆ ಸ್ಪರ್ಶಜ್ಞಾನ ಕೊಡುವ ನರವೊಂದು ಹರಿಯುತ್ತದೆ. ಅದಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿದಂತೆ ಉಳಿಯಬಹುದು. ಮೇಲುದವಡೆಯ ಹಿಂಭಾಗದಲ್ಲಿ ಎಲುಬಿನ ಮೇಲೆಯೇ ಗಾಳಿಯ ಗೂಡಿದೆ. ಸ್ಕ್ಯಾನಿಲ್ಲದೆ ಇವೆರಡರ ದೂರವನ್ನು ಅಂದಾಜಿನಿಂದ ಹೇಳುವವರಲ್ಲಿ ಆತುರಪಡದಿರುವುದು ಲೇಸು. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ನಮ್ಮ ಸುತ್ತಿನಲ್ಲಿ ಅದಕ್ಕೆ ಕೊರತೆಯಿಲ್ಲ. ಮಣಿಪಾಲವಲ್ಲದೆ ಮಂಗಳೂರಿನಲ್ಲಿಯೂ ದೇರಳಕಟ್ಟೆಯಲ್ಲಿಯೂ ದಂತವೈದ್ಯ ಕಾಲೇಜುಗಳಿವೆ. ಅಲ್ಲಿ ಹಿರಿಯ ಅಧ್ಯಾಪಕರ ಕಣ್ಣೆದುರಿನಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುವುದರಿಂದ ಬಹುಮಟ್ಟಿಗೆ ಖರ್ಚು ಕಡಿಮೆ, ಕಾಯುವುದು ಹೆಚ್ಚು.

ಕಾಯುವ ಮಾತು ಬಂದುದರಿಂದ ಇನ್ನೊಂದು ವಿಷಯ. ನಮ್ಮೂರುಗಳ ಎಷ್ಟೋ ಮಂದಿ ದುಬಾಯಿ, ಕತಾರ್, ಸೌದಿಗಳಲ್ಲಿ ದುಡಿಯುವವರು. ರಜೆಯಲ್ಲಿ ಬಂದ ಒಂದೇ ತಿಂಗಳಲ್ಲಿ ಮನೆಯ ಮಾಡು, ತಂಗಿಯ ಮದುವೆ, ಬಾಯಿಯ ಹಲ್ಲು ಎಲ್ಲವೂ ಮುಗಿಯಬೇಕೆನ್ನುತ್ತಾರೆ. ಮಾಡು ಮುಗಿದೀತು. ಎಲುಬು ಮೊಳೆಯನ್ನು ಹಿಡಿಯಲು ಬ್ರೋನೆಮಾರ್ಕರು ಕೆಳದವಡೆಗೆ ಸುಮಾರು ಮೂರು ತಿಂಗಳು, ಮೇಲುದವಡೆಗೆ ಸುಮಾರು ಆರು ತಿಂಗಳು ಕಾಯುತ್ತಿದ್ದರು. ಈಗ ಕೆಲವು ಸಂದರ್ಭಗಳಲ್ಲಿ ಬೇಗನೆ ಟೋಪಿಯಿಡುವುದುಂಟು. ಆದರೆ ಅದು ಎಲುಬಿನ ಗಟ್ಟಿತನ ನೋಡಿ ವೈದ್ಯರು ತೀರ್ಮಾನಿಸುವ ಸಂಗತಿ, ವಿಮಾನದ ಟಿಕೇಟು ನೋಡಿ ಅಲ್ಲ. ಈ ರಜೆಯಲ್ಲಿ ಮೊಳೆ, ಮುಂದಿನ ರಜೆಯಲ್ಲಿ ಹಲ್ಲು ಎಂದು ಹಂಚಿಕೊಂಡರೆ ಯಾರಿಗೂ ತೊಂದರೆಯಿಲ್ಲ. ಹೊರಡುವ ಮೊದಲು ಮೊಳೆಯ ಕಂಪೆನಿ, ಅಳತೆ, ತಂಡದ ಸಂಖ್ಯೆ ಇರುವ ಚೀಟಿಯನ್ನು ವೈದ್ಯರಿಂದ ಕೇಳಿ ಪಡೆದು ಪಾಸ್‌ಪೋರ್ಟಿನೊಡನೆ ಇಟ್ಟುಕೊಳ್ಳಿ. ಸ್ವೀಡನ್, ಸ್ವಿಜರ್ಲೆಂಡ್, ಕೊರಿಯಾ, ಇಸ್ರೇಲ್, ನಮ್ಮ ದೇಶ ಹೀಗೆ ನಾನಾ ಕಡೆಯ ಮೊಳೆಗಳಿವೆ, ಒಂದರ ಕೊಂಡಿ ಇನ್ನೊಂದಕ್ಕೆ ಹೊಂದುವುದು ವಿರಳ. ಹತ್ತು ವರ್ಷದ ಮೇಲೆ ಯಾವುದೋ ಊರಿನಲ್ಲಿ ಕೊಂಡಿ ಸಡಿಲವಾದರೆ ಅಲ್ಲಿಯ ವೈದ್ಯರು ಮೊದಲು ಕೇಳುವುದು ಆ ಚೀಟಿಯನ್ನೇ.